ನಮ್ಮ ಮನೆಯ ವಜ್ರ

ವಾರ್ಷಿಕ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ತರಗತಿಯಲ್ಲಿ ಹೇಳಿದಾಗ, ಕವನ ಕಟ್ಟುವವರು ಕವನವನ್ನೂ ಪ್ರವಾಸ ಹೋಗಿ ಬಂದವರು ಪ್ರವಾಸಕಥನವನ್ನೂ ತಮ್ಮ ತಮ್ಮ ಪಾಲಿಗೆ ಹಿಡಿದುಕೊಂಡುಬಿಟ್ಟರು. ನನಗೆ ಕವನ ಬಾರದು. ನಾನು ಮಾಡಿರುವ ಪ್ರವಾಸವೆಂದರೆ ಮಳವಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಮಂಡ್ಯಕ್ಕೆ; ಐವತ್ತು ಕಿಲೋಮೀಟರಿನೊಳಗಿನ ದಾರಿ. ೨೦೨೩ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಾದುದರಿಂದ ಅದಕ್ಕೆ ಖರ್ಚೂ ಆಗಲಿಲ್ಲ. ಆದರೆ ೨೦೨೪ರ ದೀಪಾವಳಿ ಕಳೆದ ಮೇಲೆ ಒಂದು ಸಲ ಆ ದಾರಿಯಲ್ಲಿ ಬಂದಾಗ ನನ್ನ ಚೀಲದೊಳಗೆ ಒಂದು ವಜ್ರವಿದ್ದಿತು. ಆ ಎರಡು ದಿನಗಳ ಸಂಗತಿಯನ್ನು ಬರೆದರೆ ಲೇಖನವಾದೀತೆಂದು ಧೈರ್ಯ ಮಾಡಿದ್ದೇನೆ.

ನಮ್ಮದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನವರ ಗದ್ದೆಗಳನ್ನೆಲ್ಲ ತುಂಬಿಸಿ, ಉಳಿದರೆ, ಮನಸ್ಸಾದರೆ, ನಮ್ಮಲ್ಲಿಗೆ ಬರುತ್ತದೆ. ಅಂಥ ಊರಿನ ಅಂಥ ಒಂದು ಮನೆಯಲ್ಲಿ ವಜ್ರವೆಂದರೆ ನಂಬುವುದು ಕಷ್ಟ. ಆದರೂ ಇದ್ದಿತು: ನಮ್ಮ ಅಜ್ಜಿಯ ಎಡಮೂಗಿನಲ್ಲಿ, ಒಂಟಿ ಹರಳಿನ ಮೂಗುಬೊಟ್ಟಾಗಿ. ತಾತನವರು ಮೊದಲ ಸಲ ಕಬ್ಬು ಹಾಕಿ, ಮಂಡ್ಯದ ಸಕ್ಕರೆ ಕಾರ್ಖಾನೆಯಿಂದ ಹಣ ಕೈಗೆ ಬಂದ ವರ್ಷ, ಅಂದರೆ ೧೯೭೪ರಲ್ಲಿ, ೪೫೦ ರೂಪಾಯಿ ಕೊಟ್ಟು ತಂದದ್ದು. ತಾರೀಖೂ ಮೊಬಲಗೂ ಇರುವ ಚೀಟಿ ಇಂದಿಗೂ ಟ್ರಂಕಿನಲ್ಲಿದೆ. "ಬ್ಲೂ ಜಾಗರ್" ಎಂದು ತಾತ ಹೇಳುತ್ತಿದ್ದರಂತೆ. ಹಾಗೆಂದರೇನೆಂದು ಅವರಿಗೂ ತಿಳಿಯದು, ಕೇಳಿದವರಿಗೂ ತಿಳಿಯದು. ಅದರಿಂದ ಹರಳಿನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

೨೦೧೯ರಲ್ಲಿ ತಾತ ತೀರಿಕೊಂಡಾಗ ಬಂಧುಗಳಾದ ಹೆಂಗಸರು ಮೂಗುಬೊಟ್ಟನ್ನು ತೆಗೆಸಿದರು. ಅಜ್ಜಿ ಮೂರು ತಿಂಗಳು ಸುಮ್ಮನಿದ್ದು ಮತ್ತೆ ಇಟ್ಟುಕೊಂಡಳು. "ಅವರು ತಂದದ್ದೆಲ್ಲ ಅವರ ಜೊತೇಲಿ ಹೋಗ್ಬೇಕು ಅಂದ್ರೆ ಎತ್ತೂ ಹೋಗ್ಬೇಕಿತ್ತಲ್ಲ" ಎಂದಳಂತೆ. ಆಮೇಲೆ ಯಾರೂ ಮಾತೆತ್ತಲಿಲ್ಲ.

ಕಷ್ಟ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಕೊನೆಗೆ ಬರುತ್ತಿದ್ದ ಮಾತೊಂದೇ: "ಹೆಂಗಿದ್ರೂ ವಜ್ರ ಅದೆಯಲ್ಲ." ನಾನು ಚಿಕ್ಕವಳಿದ್ದಾಗ ಅದಕ್ಕೆ ಲಕ್ಷಗಟ್ಟಲೆ ಬೆಲೆಯೆಂದು ತಿಳಿದಿದ್ದೆ. ತಿಳಿದಿದ್ದವಳು ನಾನೊಬ್ಬಳೇ ಅಲ್ಲ.

೨೦೨೩ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದುವು. ಕಾವೇರಿಗಾಗಿ ಮಂಡ್ಯದಲ್ಲಿ ಹೆದ್ದಾರಿ ತಡೆ, ಬಂದ್ ನಡೆದದ್ದನ್ನು ಓದುಗರು ಮರೆತಿರಲಾರರು. ನಮ್ಮ ತಂದೆ ಸಾಲ ಮಾಡಿ ಕೊಳವೆಬಾವಿ ತೆಗೆಸಿದರು. ನೀರೇನೋ ಬಂದಿತು; ಸಾಲವೂ ಅದರ ಜೊತೆಯಲ್ಲೇ ಬಂದಿತು. ಇತ್ತ ನನಗೆ ಬಿ.ಎ. ಮುಗಿದ ಮೇಲೆ ಬಿ.ಇಡಿ. ಓದಬೇಕೆಂಬ ಆಸೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇಳಿಯುವ ಹೊತ್ತಿಗೆ ಕೈಯಲ್ಲೊಂದು ಕೆಲಸವಿರಬೇಕು. ಮೊದಲ ವರ್ಷದ ಫೀಜು, ಹಾಸ್ಟೆಲ್ಲು, ಪುಸ್ತಕ ಎಂದು ಲೆಕ್ಕ ಹಾಕಿದರೆ ನಲವತ್ತು ಸಾವಿರಕ್ಕೆ ಕಡಿಮೆಯಾಗದು. ದೀಪಾವಳಿಯ ರಜೆಯಲ್ಲಿ ಈ ಮಾತು ಬಂದಾಗ ಎಲ್ಲರ ಕಣ್ಣೂ ಅಜ್ಜಿಯ ಮೂಗಿನ ಕಡೆಗೆ ಹೋಯಿತು.

ಮಾರೋಣವೆಂದು ತಂದೆ, ಮಗಳ ಮದುವೆಗೆ ಇರಲಿ ಎಂದು ತಾಯಿ. ಊಟಕ್ಕೆ ಬಂದಿದ್ದ ಸೋದರಮಾವ, ಮೊದಲು ಅದು ನಿಜವಾದ ವಜ್ರವೋ ಅಲ್ಲವೋ ನೋಡಬೇಕು, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದರೆ ಗೊತ್ತಾಗುತ್ತದೆ, ನಿಜವಾದ ವಜ್ರ ಒಡೆಯುವುದಿಲ್ಲ ಎಂದರು. "ಒಡೆದರೆ?" ಎಂದರು ತಂದೆ. "ಒಡೆದರೆ ವಜ್ರ ಅಲ್ಲ ಅಂತ ಗೊತ್ತಾಯ್ತಲ್ಲ, ಚಿಂತೆ ಹೋಯ್ತು" ಎಂದರು ಮಾವ. ಇದನ್ನೆಲ್ಲ ಕೇಳುತ್ತ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ ಮೂಗುಬೊಟ್ಟಿನ ತಿರುಪನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. "ನೀನು ಓದ್ದೋಳು. ಏನು ಅಂತ ನೀನೇ ತಿಳ್ಕಂಡು ಬಾ" ಎಂದಳು. ತೂತು ಮುಚ್ಚಿಹೋಗದಂತೆ ಒಂದು ಬೇವಿನ ಕಡ್ಡಿಯನ್ನು ಮೂಗಿಗೆ ಸಿಕ್ಕಿಸಿಕೊಂಡಳು.

ಇಲ್ಲಿ ನಾನೊಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ನ್ಯಾಯ ಹೇಳುವವರು ವ್ಯಾಜ್ಯದಲ್ಲಿ ಪಾಲುದಾರರಾಗಿರಬಾರದೆಂದು ಹೇಳುತ್ತಾರೆ. ಮಾರಿದರೆ ಹಣ ನನಗೆ. ಇಟ್ಟುಕೊಂಡರೆ ಒಡವೆಯೂ ನನಗೆ. ಬೆಲೆ ಕಟ್ಟಿಸಲು ಹೊರಟವಳೂ ನಾನೇ. ಬಸ್ಸಿನಲ್ಲಿ ಕುಳಿತಾಗ, ಇದಕ್ಕೆ ನಲವತ್ತು ಸಾವಿರವಾದರೂ ಬರಲಿ ದೇವರೇ ಎಂದು ಬೇಡಿಕೊಂಡೆ. ಅಜ್ಜಿಯ ಮೂಗಿನ ಕಡ್ಡಿಯ ನೆನಪು ಆಗ ಬರಲಿಲ್ಲ.

ಹೊರಡುವ ಮೊದಲು ಸ್ವಲ್ಪ ಓದಿಕೊಂಡಿದ್ದೆ. ನಮ್ಮವರು ರತ್ನಪರೀಕ್ಷೆಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಭಂಡಾರದ ರತ್ನಗಳ ವಿಚಾರ ಬರುತ್ತದೆ. ಬಿಂದು, ರೇಖೆ, ಕಾಗೆಯ ಹೆಜ್ಜೆಯಂತಿರುವ ಕಾಕಪಾದ ಮುಂತಾದ ದೋಷಗಳನ್ನು ರತ್ನಶಾಸ್ತ್ರಗಳು ಹೆಸರಿಡಿದು ಹೇಳುತ್ತವೆ. ಇಂದಿನವರು ಹತ್ತುಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿಯಲ್ಲಿ ಹುಡುಕುವುದೂ ಬಹುಮಟ್ಟಿಗೆ ಇವನ್ನೇ. ಆದರೆ ಹಳೆಯವರ ಎಲ್ಲ ಮಾತನ್ನೂ ನಂಬುವಂತಿಲ್ಲ. ಉತ್ತಮ ವಜ್ರ ನೀರಿನ ಮೇಲೆ ತೇಲುತ್ತದೆಂದು ವರಾಹಮಿಹಿರನು ಹೇಳುತ್ತಾನೆ. ವಜ್ರವೋ ನೀರಿಗಿಂತ ಮೂರೂವರೆ ಪಟ್ಟು ಭಾರ. ತೇಲುವ ವಜ್ರ ಸಿಕ್ಕಿದರೆ ಅದು ವಜ್ರವಲ್ಲವೆಂದೇ ತಿಳಿಯಬೇಕು. ಇನ್ನು ಮಾವನ ಸುತ್ತಿಗೆಯ ವಿಚಾರ. ವಜ್ರವನ್ನು ಗೀಚಬಲ್ಲದ್ದು ವಜ್ರವೇ, ನಿಜ. ಆದರೆ ಗೀಚಿಸಿಕೊಳ್ಳದಿರುವುದು ಬೇರೆ, ಏಟು ತಾಳುವುದು ಬೇರೆ. ಅದರೊಳಗೆ ನಾಲ್ಕು ದಿಕ್ಕುಗಳಲ್ಲಿ ಸೀಳುವ ಪದರಗಳಿವೆ. ಸರಿಯಾದ ಏಟು ಬಿದ್ದರೆ ಕಲ್ಲುಸಕ್ಕರೆಯಂತೆ ಸೀಳುತ್ತದೆ. ಮಾವನ ಕೈಗೆ ಸುತ್ತಿಗೆ ಸಿಗದಿದ್ದುದು ನಮ್ಮ ಪುಣ್ಯ.

ಮಳವಳ್ಳಿಯಲ್ಲಿ ಕೆಲಸ ಐದು ನಿಮಿಷಕ್ಕೆ ಮುಗಿಯಿತು. ಗಿರವಿ ಅಂಗಡಿಯವರು ಮೂಗುಬೊಟ್ಟನ್ನು ತಕ್ಕಡಿಗೆ ಹಾಕಿ, ಅಂದಾಜಿನ ಮೇಲೆ ಹರಳಿನ ತೂಕವನ್ನು ಕಳೆದು, ಚಿನ್ನದ ಲೆಕ್ಕವನ್ನಷ್ಟೇ ಹೇಳಿದರು. ಹರಳಿಗೆಷ್ಟು ಎಂದು ಕೇಳಿದೆ. "ಕಲ್ಲಿಗೆ ನಮ್ಮಲ್ಲಿ ಲೆಕ್ಕವಿಲ್ಲಮ್ಮ" ಎಂದರು. ಐವತ್ತು ವರ್ಷ ನಮ್ಮ ಮನೆಯನ್ನು ಬೆನ್ನಿಗೆ ನಿಂತು ಕಾಯುತ್ತಿದ್ದ ಕಲ್ಲಿಗೆ ಸೊನ್ನೆ!

ಮದ್ದೂರಿನಲ್ಲಿ ಇಳಿದು, ಪರಿಚಿತರೊಬ್ಬರು ಹೇಳಿದ್ದ ವಯಸ್ಸಾದ ಆಚಾರಿಯವರ ಮನೆಯನ್ನು ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಕುಲುಮೆ, ಎದುರಿಗೆ ಒಂದು ಮಣೆ. ಅವರು ಮೊದಲು ಹರಳಿನ ಮೇಲೆ ಉಸಿರು ಬಿಟ್ಟರು. ಮಂಜು ಕವಿದದ್ದೇ ತಡ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು. ಪಕ್ಕದಲ್ಲಿದ್ದ ಗಾಜಿನ ಹರಳಿನ ಮೇಲೆ ಬಿಟ್ಟ ಉಸಿರು ಎಣಿಸುವಷ್ಟು ಹೊತ್ತು ನಿಂತಿತು. ವಜ್ರವು ಶಾಖವನ್ನು ತಾಮ್ರಕ್ಕಿಂತ ಹಲವು ಪಟ್ಟು ವೇಗವಾಗಿ ಸಾಗಿಸುವುದೇ ಇದರ ಗುಟ್ಟು. ಅನಂತರ ಅವರು ತಾತನ ಚೀಟಿಯನ್ನು ಕೇಳಿ ನೋಡಿದರು. "ಎಪ್ಪತ್ತನಾಲ್ಕು! ಹಾಗಾದರೆ ಅಮೆರಿಕನ್ ಡೈಮಂಡ್ ಅಲ್ಲ" ಎಂದರು. ಆ ಹೆಸರಿನಿಂದ ನಮ್ಮಲ್ಲಿ ಮಾರುವ ಜಿರ್ಕೋನಿಯಾ ಹರಳುಗಳು ಪೇಟೆಗೆ ಬಂದದ್ದು ೧೯೭೬ರ ಮೇಲೆ. ಒಂದು ತುಂಡು ಕಾಗದವೂ ಪರೀಕ್ಷೆಯ ಉಪಕರಣವಾಗಬಲ್ಲದೆಂದು ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಒಳಗೊಳಗೇ ಹೆಮ್ಮೆಯಾಯಿತು.

"ನಿಜವೇನೋ ನಿಜ. ಎಂಥದು ಅನ್ನುವುದು ಹೀಗೆ ತಿಳಿಯುವುದಿಲ್ಲ" ಎಂದರು ಆಚಾರಿಯವರು. ಹಳೆಯ ಕೆಲಸವಾದುದರಿಂದ ಹಿಂಭಾಗವೆಲ್ಲ ಚಿನ್ನದಿಂದ ಮುಚ್ಚಿಹೋಗಿತ್ತು. ಬಣ್ಣವನ್ನೂ ತೂಕವನ್ನೂ ನೋಡಬೇಕಾದರೆ ಹರಳನ್ನು ಕೀಳಬೇಕು. ಕೀಳುವಾಗ ಅಂಚು ಮುಕ್ಕಾದರೂ ಆಗಬಹುದು. ನನಗೆ ಕೈ ನಡುಗಿತು. ಅಜ್ಜಿಗೆ ಫೋನು ಮಾಡಿದೆ. "ಕೀಳಿಸು. ಮುಕ್ಕಾದ್ರೆ ನಾನೂ ಮುಕ್ಕಾಗಿದ್ದೀನಿ" ಎಂದು ನಕ್ಕಳು. ಅವಳಿಗೆ ಮುಂದಿನ ಎರಡು ಹಲ್ಲಿಲ್ಲ.

ಹರಳು ಮುಕ್ಕಾಗದೆ ಈಚೆಗೆ ಬಂದಿತು. ಅಂಟುವಾಳದ ಬಿಸಿನೀರಿನಲ್ಲಿ ಅದನ್ನು ನೆನೆಹಾಕಿ ಮೆತ್ತಗೆ ಉಜ್ಜಿದಾಗ ಐವತ್ತು ವರ್ಷದ ಹರಳೆಣ್ಣೆ, ಅರಿಸಿನ, ಒಲೆಯ ಹೊಗೆ ಎಲ್ಲವೂ ಕದಡಿಕೊಂಡು ಹೋಯಿತು. ಬಿಳಿಯ ಕಾಗದವನ್ನು ಮಡಿಸಿ, ಆ ಮಡಿಕೆಯೊಳಗೆ ಹರಳನ್ನು ಬೋರಲು ಮಲಗಿಸಿ, ಬಾಗಿಲಿನ ಬೆಳಕಿಗೆ ಹಿಡಿದು "ನೋಡಿ" ಎಂದರು. ಎಳೆಯ ನಿಂಬೆಹಣ್ಣಿನ ಸಿಪ್ಪೆಯ ಛಾಯೆ. ಎದುರಿನಿಂದ ನೋಡಿದಾಗ ಹೊಳಪಿನಲ್ಲಿ ಅಡಗಿದ್ದ ಹಳದಿ ಪಕ್ಕದಿಂದ ನೋಡಿದರೆ ಸ್ಪಷ್ಟವಾಗಿತ್ತು. ಬ್ಲೂ ಜಾಗರ್ ಎಂಬ ಮಾತಿನ ಅರ್ಥ ನನಗೆ ಅಂದೇ ತಿಳಿದದ್ದು. ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೈನ್ ಎಂಬ ಗಣಿಯ, ನೀಲಿ ಛಾಯೆಯ ಶ್ರೇಷ್ಠ ಬಿಳಿ ಹರಳುಗಳಿಗೆ ನಮ್ಮ ಕಡೆಯ ವ್ಯಾಪಾರಿಗಳು ಇಟ್ಟ ಹೆಸರು ಅದು. ಗೋಲ್ಕೊಂಡದ ವಜ್ರಗಳ ಕಾಲ ಮುಗಿದು, ೧೮೬೦ರ ದಶಕದ ಕೊನೆಯಿಂದ ದಕ್ಷಿಣ ಆಫ್ರಿಕದ ಹರಳುಗಳು ಲೋಕವನ್ನೆಲ್ಲ ತುಂಬಿದುವು. ಅವುಗಳಲ್ಲಿ ಹಳದಿ ಛಾಯೆಯವು ಬಹಳವಾದುದರಿಂದ ಅಂಥವನ್ನು 'ಕೇಪ್' ಎನ್ನುವುದು ರೂಢಿಯಾಯಿತು. "ನಿಮ್ಮದು ಜಾಗರ್ ಅಲ್ಲಮ್ಮ, ಕೇಪು" ಎಂದರು ಆಚಾರಿಯವರು. ಪಾಪ, ತಾತ!

ಭೂತಗನ್ನಡಿಯನ್ನು ನನ್ನ ಕೈಗೂ ಕೊಟ್ಟರು. ಹಿಡಿಯಲು ಬಾರದೆ ಮೊದಲು ನನ್ನ ರೆಪ್ಪೆಯನ್ನೇ ನೋಡಿಕೊಂಡೆ. ಅಭ್ಯಾಸವಾದ ಮೇಲೆ ಹರಳಿನೊಳಗೊಂದು ಊರೇ ಕಂಡಿತು. ಅಂಚಿನ ಬಳಿ ಗಸಗಸೆಯ ತುಣುಕಿನಂಥ ಒಂದು ಕಪ್ಪು ಚುಕ್ಕೆ. ಅದರಿಂದ ಸ್ವಲ್ಪ ದೂರದಲ್ಲಿ ಪುಕ್ಕದಂತೆ ಹರಡಿದ ಬಿಳಿಯ ಸೀಳು. ಬಿಂದು, ರೇಖೆ, ಶಾಸ್ತ್ರದವರ ಎರಡು ದೋಷಗಳನ್ನು ನಾನೇ ಕಣ್ಣಾರೆ ಕಂಡೆ. ಮುಖಗಳ ಕೊರೆತವೂ ಒಂದೇ ಸಮನಾಗಿರಲಿಲ್ಲ. ವಜ್ರದೊಳಗೆ ಹೊಕ್ಕ ಬೆಳಕು ತಳದಲ್ಲಿ ಸೋರಿಹೋಗದೆ ಮತ್ತೆ ಮೇಲಕ್ಕೇ ಬರಬೇಕಾದರೆ ತಳದ ಇಳಿಜಾರು ಸರಿಯಾದ ಕೋನದಲ್ಲಿರಬೇಕು. ಆ ಲೆಕ್ಕವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬಾತ ೧೯೧೯ರಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಹರಳನ್ನು ಕೊರೆದ ಪುಣ್ಯಾತ್ಮ ಕೋನಕ್ಕಿಂತ ತೂಕ ಉಳಿಸುವುದರ ಕಡೆಗೇ ಹೆಚ್ಚು ಗಮನ ಕೊಟ್ಟಿದ್ದನೆಂದು ಕಾಣುತ್ತದೆ. ಹಾಗೆ ಉಳಿಸಿದ ತೂಕ ೧೪ ಸೆಂಟು. ಕ್ಯಾರೆಟ್ಟೊಂದಕ್ಕೆ ೨೦೦ ಮಿಲಿಗ್ರಾಂ, ಅದರ ನೂರನೆಯ ಒಂದು ಭಾಗ ಸೆಂಟು. ಆದುದರಿಂದ ೨೮ ಮಿಲಿಗ್ರಾಂ. ಗುಲಗಂಜಿಯ ಕಾಲು ಭಾಗವೂ ಇಲ್ಲ. ಹೆಚ್ಚು ಕಡಿಮೆ ಒಂದು ಭತ್ತದ ಕಾಳು.

ಆಚಾರಿಯವರು ಕೂಲಿ ತೆಗೆದುಕೊಳ್ಳಲಿಲ್ಲ. ಹರಳನ್ನು ಒಂದು ಕಾಗದದ ಪೊಟ್ಟಣದಲ್ಲಿಯೂ ಚಿನ್ನವನ್ನು ಇನ್ನೊಂದರಲ್ಲಿಯೂ ಕಟ್ಟಿ ಕೊಟ್ಟು, "ಇಷ್ಟು ದಿನ ಎರಡೂ ಒಂದೇ ಆಗಿದ್ದವು. ಇನ್ನು ಎರಡಕ್ಕೂ ಬೇರೆ ಬೇರೆ ಬೆಲೆ" ಎಂದರು. ಆ ರಾತ್ರಿ ಮಂಡ್ಯದ ಹಾಸ್ಟೆಲ್ಲಿನಲ್ಲಿ ದಿಂಬಿನ ಕೆಳಗೆ ಪೊಟ್ಟಣಗಳನ್ನಿಟ್ಟು ಮಲಗಿದೆ. ವಜ್ರ ತನಗೆ ಆಗಿಬರುವುದೋ ಇಲ್ಲವೋ ಎಂದು ಕೆಲವರು ಕೊಳ್ಳುವ ಮೊದಲು ಹೀಗೆ ಇಟ್ಟು ನೋಡುವುದುಂಟು. ನನಗೆ ಕನಸೇನೂ ಬೀಳಲಿಲ್ಲ, ನಿದ್ದೆಯೂ ಬರಲಿಲ್ಲ.

ಮಾರನೆಯ ದಿನ ಮಂಡ್ಯದ ಒಂದು ದೊಡ್ಡ ಅಂಗಡಿ. ಒಳಗೆ ತಂಪು ಗಾಳಿ. ಸಮವಸ್ತ್ರದ ಯುವಕನೊಬ್ಬ ಪೆನ್ನಿನಂಥ ಯಂತ್ರದ ಮೊನೆಯನ್ನು ಹರಳಿಗೆ ತಾಗಿಸಿದ. ಅದು ಕೀ ಎಂದಿತು. ಆಚಾರಿಯವರ ಉಸಿರು ಮಾಡಿದ್ದ ಕೆಲಸವನ್ನೇ ಅದೂ ಮಾಡಿದ್ದು. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗಿಟ್ಟಾಗ ನಮ್ಮ ಹಳದಿ ಹರಳು ತೆಳ್ಳಗೆ ನೀಲಿಯಾಗಿ ಬೆಳಗಿತು. ಎಲ್ಲ ವಜ್ರಗಳೂ ಹೀಗೆ ಬೆಳಗುವುದಿಲ್ಲವಂತೆ. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರು ವಜ್ರಗಳನ್ನು ಸಂಗ್ರಹಿಸಿ ವರ್ಷಗಟ್ಟಲೆ ಪರೀಕ್ಷಿಸಿದ ಬೆಳಕುಗಳಲ್ಲಿ ಇದೂ ಒಂದು. ತಾತ ಹೇಳಿದ ನೀಲಿ ಇದೇ ಇರಬಾರದೇಕೆ ಎಂದುಕೊಂಡು ಸ್ವಲ್ಪ ಸಮಾಧಾನಪಟ್ಟೆ.

ಆಮೇಲೆ ಅವನು ಒಳಗಿನಿಂದ ಇನ್ನೊಂದು ಹರಳು ತಂದು ಪಕ್ಕದಲ್ಲಿಟ್ಟ. ಅಷ್ಟೇ ತೂಕ, ಹಿಮದಂಥ ಬಿಳುಪು, ಒಂದು ಚುಕ್ಕೆಯಿಲ್ಲ. ಯಂತ್ರ ಅದಕ್ಕೂ ಕೀ ಎಂದಿತು. ಪ್ರಯೋಗಶಾಲೆಯಲ್ಲಿ ಬೆಳೆಸಿದ ವಜ್ರ, ಬೆಲೆ ಮೂರು ಸಾವಿರ. ಅದು ನಕಲಿಯಲ್ಲ, ಅದೂ ಅದೇ ಇಂಗಾಲ, ಅದೇ ಗಟ್ಟಿತನ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವರು ೧೯೫೪ರಲ್ಲೇ ವಜ್ರವನ್ನು ತಯಾರಿಸಿದ್ದರಾದರೂ ಆಭರಣದ ಅಂಗಡಿಗಳಿಗೆ ಅವು ಅಗ್ಗವಾಗಿ ಬಂದದ್ದು ಈಚೆಗೆ. ಭೂಗರ್ಭದ ವಜ್ರವನ್ನೂ ಇದನ್ನೂ ಬೇರ್ಪಡಿಸಲು ದೊಡ್ಡ ಯಂತ್ರಗಳೇ ಬೇಕು. ಎರಡನ್ನೂ ಅಕ್ಕಪಕ್ಕದಲ್ಲಿ ಕಂಡಾಗ ನಮ್ಮದು ಮದುವೆ ಮನೆಗೆ ಹೊಲದಿಂದ ನೇರವಾಗಿ ಬಂದವರಂತೆ ಕಾಣುತ್ತಿತ್ತು.

"ನಿಮ್ಮ ಕಲ್ಲಿಗೆ ಸರ್ಟಿಫಿಕೇಟ್ ಇಲ್ಲ. ನಮ್ಮಲ್ಲಿ ಕೊಂಡದ್ದೂ ಅಲ್ಲ. ನಾಲ್ಕೂವರೆ ಸಾವಿರ ಕೊಡಬಹುದು" ಎಂದ. ಒಂದೂವರೆ ಗ್ರಾಂ ಚಿನ್ನಕ್ಕೆ, ಮಟ್ಟ ನೋಡಿ, ಒಂಬತ್ತು ಸಾವಿರದ ಇನ್ನೂರು. ಇನ್ನೂ ಎರಡು ಅಂಗಡಿಗಳಿಗೆ ಹೋದೆ. ಚಿನ್ನಕ್ಕೆ ಮೂವರೂ ನೂರಿನ್ನೂರು ಅಂತರದಲ್ಲಿ ಒಂದೇ ಬೆಲೆ ಹೇಳಿದರು. ಹರಳಿಗೆ ಒಬ್ಬರು ಮೂರು ಸಾವಿರ ಎಂದರು. ಇನ್ನೊಬ್ಬರು ಬೇಡವೇ ಬೇಡವೆಂದರು. ಚಿನ್ನಕ್ಕೆ ದಿನದಿನವೂ ಪತ್ರಿಕೆಯಲ್ಲಿ ಅಚ್ಚಾಗುವ ದರವಿದೆ. ವಜ್ರಕ್ಕಾದರೋ ಕೊಳ್ಳುವವರಿಗೆ ಒಂದು ದರ, ಮಾರಲು ಬಂದವರಿಗೆ ಅಂಗಡಿಯವರ ಮುಖಭಾವವೇ ದರ.

ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಇನ್ನೊಂದು ಲೆಕ್ಕ ಹಾಕಿದೆ, ಹಾಕಬಾರದಿತ್ತು. ೧೯೭೪ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಐನೂರು ರೂಪಾಯಿಯ ಆಸುಪಾಸು. ತಾತ ೪೫೦ ರೂಪಾಯಿಗೆ ಬರಿಯ ಚಿನ್ನವನ್ನೇ ಕೊಂಡಿದ್ದರೆ ಒಂಬತ್ತು ಗ್ರಾಂ ಬರುತ್ತಿತ್ತು. ಅಂದಿನ ದರದಲ್ಲಿ ಅದು ಅರವತ್ತು ಸಾವಿರವನ್ನು ದಾಟುತ್ತಿತ್ತು; ನನ್ನ ಬಿ.ಇಡಿ.ಯ ಮೊದಲ ವರ್ಷ ಮುಗಿದು ಇನ್ನೂ ಉಳಿಯುತ್ತಿತ್ತು. ಕಾಣದ ತಾತನ ಮೇಲೆ ಒಂದು ಗಳಿಗೆ ಸಿಟ್ಟು ಬಂದಿತು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ: ಅಜ್ಜಿಗೆ ಏನು ಹೇಳುವುದು? ಲಕ್ಷವೆಂದರೆ ಅವಳು ಸಂತೋಷದಿಂದ ಸಾಯುವವರೆಗೂ ಇಟ್ಟುಕೊಳ್ಳುತ್ತಾಳೆ. ಏನೂ ಬೆಲೆಯಿಲ್ಲವೆಂದರೆ ಮಾರಿಬಿಡು ಎನ್ನುತ್ತಾಳೆ. ಎರಡು ಸುಳ್ಳೂ ನಾಲಗೆಯ ತುದಿಯಲ್ಲಿದ್ದುವು. ಕೊನೆಗೆ ಜಗಲಿಯ ಮೇಲೆ ಎಲ್ಲರ ಮುಂದೆಯೂ ಇದ್ದುದನ್ನು ಇದ್ದ ಹಾಗೆ ಹೇಳಿದೆ: ಹಳದಿ, ಚುಕ್ಕೆ, ೧೪ ಸೆಂಟು, ನಾಲ್ಕೂವರೆ ಸಾವಿರ. ತಂದೆ ಎದ್ದು ಹೊರಗೆ ಹೋದರು. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೆಂಗಿದ್ರೂ ವಜ್ರ ಅದೆಯಲ್ಲ" ಎನ್ನುವುದು ಇನ್ನು ಆ ಮನೆಯಲ್ಲಿ ಸಾಧ್ಯವಿರಲಿಲ್ಲ. ಅದನ್ನು ಕಿತ್ತುಕೊಂಡವಳು ನಾನು.

ಅಜ್ಜಿಯೊಬ್ಬಳೇ ಅಲುಗಲಿಲ್ಲ. "ನಾಕು ಸಲ ಅಡ ಇಟ್ಟಿದ್ದೀನಿ ಅದ. ನಿಮ್ಮತ್ತೆ ಮದುವೇಲಿ, ಬಾವಿ ತೋಡ್ದಾಗ, ಎತ್ತು ಸತ್ತಾಗ, ನಿಮ್ಮಪ್ಪನಿಗೆ ಕಾಮಾಲೆ ಆದಾಗ. ಸಾವ್ಕಾರ ಒಂದ್ ದಿನಾನೂ ಕಲ್ಲು ನೋಡ್ಲಿಲ್ಲ. ನಿಮ್ಮ ತಾತನ ಮಕ ನೋಡಿ ಕೊಟ್ಟ" ಎಂದಳು. ನಾನು ಬಸ್‌ಸ್ಟ್ಯಾಂಡಿನ ಲೆಕ್ಕವನ್ನೂ ಹೇಳಿದೆ. ಅವಳು ಬೇವಿನ ಕಡ್ಡಿಯನ್ನು ಒಮ್ಮೆ ತಿರುಗಿಸಿಕೊಂಡು, "ಒಂಬತ್ತು ಗ್ರಾಂ ಚಿನ್ನ ಆಗಿದ್ದಿದ್ರೆ ಅದು ಇಲ್ಲೀಗಂಟ ಇರ್ತಿತ್ತಾ? ನಿಮ್ಮಪ್ಪ ಯಾವತ್ತೋ ಮಾರಿರೋನು" ಎಂದಳು. ಇದಕ್ಕೆ ನನ್ನ ಲೆಕ್ಕದಲ್ಲಿ ಜಾಗವಿರಲಿಲ್ಲ.

ಆಗ ನನಗೆ ಹೊಳೆದದ್ದು ಇಷ್ಟು: ಮಾರುವುದಾದರೆ ಸರಿಯಾದ ಬೆಲೆ ಬರುವುದು ಚಿನ್ನಕ್ಕೆ, ಹರಳನ್ನು ಮಾರಿದರೆ ನಷ್ಟವೇ. ಆದುದರಿಂದ ಚಿನ್ನವನ್ನು ಮಾರಿ ಹರಳನ್ನು ಇಟ್ಟುಕೊಳ್ಳೋಣ; ಒಂಬತ್ತು ಸಾವಿರ ನನ್ನ ಫೀಜಿಗೆ ಆರಂಭವಾದೀತು; ಮುಂದೆಂದಾದರೂ ನನ್ನ ಸಂಬಳದಿಂದ ಹೊಸ ಕಟ್ಟು ಮಾಡಿಸಿದರಾಯಿತು. ಅಜ್ಜಿ ಒಪ್ಪಿದಳು. ಮುಂದಿನ ವಾರ ಚಿನ್ನ ಮಂಡ್ಯದಲ್ಲಿ ಮಾರಾಟವಾಯಿತು.

ಆ ಹಣ ನನ್ನ ಕೈಯಲ್ಲಿದ್ದದ್ದು ಮೂರು ದಿನ. ನಾಲ್ಕನೆಯ ದಿನ ಕೊಳವೆಬಾವಿಯ ಮೋಟಾರು ಸುಟ್ಟಿತೆಂದು ತಂದೆಯಿಂದ ಫೋನು. ಮೋಟಾರನ್ನು ಮೇಲೆತ್ತಿ ಹೊಸದಾಗಿ ತಂತಿ ಸುತ್ತಿಸಿ ಇಳಿಸುವುದಕ್ಕೆ ಎಂಟೂವರೆ ಸಾವಿರ. ಹತ್ತು ದಿನ ನೀರಿಲ್ಲದಿದ್ದರೆ ಕಬ್ಬು ಹೋಗುತ್ತದೆ. ಕಬ್ಬು ಹೋದರೆ ನನ್ನ ಬಿ.ಇಡಿ.ಯ ಮಾತೇ ಇಲ್ಲ. ಕೊಟ್ಟೆ. ನಮ್ಮ ತಾಲ್ಲೂಕಿನಲ್ಲಿ ನೀರಿಗೂ ಚಿನ್ನಕ್ಕೂ ಇರುವ ನಂಟು ಹೊಸದೇನಲ್ಲ. ೧೯೦೨ರಲ್ಲಿ ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು ಮೊ‍ದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನಮ್ಮಲ್ಲಿ ಈ ಸಲ ಚಿನ್ನವೇ ನೀರಿಗೆ ಹೋಯಿತು.

ಆ ಶನಿವಾರ ಊರಿಗೆ ಹೋದಾಗ, ನಮ್ಮ ಅರ್ಥಶಾಸ್ತ್ರದ ತರಗತಿಯ ಪಾಠವೊಂದನ್ನು ಅಜ್ಜಿಗೆ ಹೇಳಿದೆ. ಆಡಂ ಸ್ಮಿತ್ ಎಂಬ ಪಂಡಿತ ೧೭೭೬ರಲ್ಲಿ ಒಂದು ಒಗಟನ್ನು ಬರೆದಿಟ್ಟಿದ್ದಾನೆ: ನೀರಿನಷ್ಟು ಉಪಯೋಗದ ವಸ್ತು ಬೇರೊಂದಿಲ್ಲ, ಆದರೂ ಅದನ್ನು ಕೊಟ್ಟು ಏನನ್ನೂ ಕೊಳ್ಳಲಾಗದು, ವಜ್ರದಿಂದ ಹೆಚ್ಚಿನ ಉಪಯೋಗವಿಲ್ಲ, ಆದರೂ ಅದಕ್ಕೆ ಅಷ್ಟು ಬೆಲೆ. ಇದನ್ನು ಬಿಡಿಸಲು ಇನ್ನೂ ನೂರು ವರ್ಷ ಹಿಡಿಯಿತು. ಸೀಮಾಂತ ತುಷ್ಟಿಗುಣವೆಂದು ನಾವು ಪರೀಕ್ಷೆಗೆ ಬಾಯಿಪಾಠ ಮಾಡುವುದು ಆ ಉತ್ತರವನ್ನೇ. ಅಜ್ಜಿ ಎಲ್ಲವನ್ನೂ ಕೇಳಿದಳು. ಹರಳಿನ ಪೊಟ್ಟಣ ಅವಳ ಎಲೆಯಡಿಕೆ ಚೀಲದಲ್ಲಿದೆ. ಮೂಗಿನಲ್ಲಿ ಕಡ್ಡಿ ಹಾಗೆಯೇ ಇದೆ. ಹಿತ್ತಲಲ್ಲಿ ಮೋಟಾರು ಓಡುವ ಸದ್ದು ಬರುತ್ತಿತ್ತು.

"ಅದ ಬರೆದೋನ ಊರಲ್ಲಿ ನಾಲೆ ಇತ್ತಾ? ಅವನ ಜಮೀನು ಮೇಲ್ಗಡೆ ಇತ್ತೋ, ನಮ್ಮಂಗೆ ಕೊನೇಲಿತ್ತೋ?" ಎಂದು ಕೇಳಿದಳು.

ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರನ್ನು ಕೇಳಿ ಬಂದು ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.